ಹಂದರ ಬಿಚ್ಚಿದ ಮೇಲೆ



ಕಳೆದ ವೈಶಾಖದಲ್ಲಿ ಶಹಾಪುರದ ನಮ್ಮ ಓಣಿಯಲ್ಲಿ ಒಂದು ಮದುವೆ ನಡೆಯಿತು. ಮನೆಯ ಹಿರಿಯರ ಹಟದಿಂದಾಗಿ ಬಾಡಿಗೆಯ ಶಾಮಿಯಾನ ಬರಲಿಲ್ಲ. ಗಳ ನೆಟ್ಟು, ಚಾಪೆ ಹೊದಿಸಿ, ಮಾವಿನ ತೊಂಗಲು ಕಟ್ಟಿದ ಹಳೆಯ ಕಾಲದ ಹಂದರವೇ ಎದ್ದಿತು. ಗಳಗಳನ್ನು ಐದಾರು ಮನೆಗಳಿಂದ ತಂದಿದ್ದರು. ಮರುದಿನ ಅದನ್ನು ಬಿಚ್ಚುವ ಹೊತ್ತಿಗೆ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಹಂದರ ನಿಂತಿರುವ ತನಕ ಯಾವ ಗಳ ಯಾರದೆಂದು ಯಾರೂ ಕೇಳಿರಲಿಲ್ಲ. ಬಿಚ್ಚಿ ನೆಲಕ್ಕೆ ಹಾಕಿದ ಕೂಡಲೇ, ‘ಇದು ನಮ್ಮದು’, ‘ಅಲ್ಲ, ನಮ್ಮದು’ ಎಂಬ ಮಾತು ಹುಟ್ಟಿತು. ನಗೆಯಲ್ಲಿ ಆರಂಭವಾದ ಮಾತು ಸ್ವಲ್ಪ ಬಿಸಿಯನ್ನೂ ಪಡೆದು, ಊಟದ ಹೊತ್ತಿಗೆ ತಣ್ಣಗಾಯಿತು.

ಅದೇ ಹೊತ್ತಿಗೆ ದೂರದ ಎಡಿನ್‌ಬರೋದಿಂದ ನನ್ನ ತಂಗಿಯ ಮೊಮ್ಮಗಳ ದೂರವಾಣಿ ಬಂತು. ಗಂಡನ ನೌಕರಿಯ ಕಾರಣದಿಂದ ಕೆಲವು ವರ್ಷಗಳಿಂದ ಸ್ಕಾಟ್ಲೆಂಡಿನಲ್ಲಿರುವ ಹುಡುಗಿ. ಮದುವೆಯ ಸುದ್ದಿಯೆಲ್ಲ ಕೇಳಿ ಮುಗಿದ ಮೇಲೆ ಅವಳು, “ಮುತ್ಯಾ, ಇವರು ಯುರೋಪಿನ ಒಕ್ಕೂಟ ಬಿಟ್ಟ ಮ್ಯಾಲೆ ಇಲ್ಲಿ ಮಂದಿಗೆ ಸಮಾಧಾನನ ಇಲ್ಲ. ನಮ್ಮನ್ನ ಕೇಳದನ ಬಿಟ್ರು, ನಮಗ ಬ್ಯಾರೆ ದೇಶ ಬೇಕು ಅಂತಾರ. ನಮ್ಮ ಕಡೆ ಯಾವಾಗರ ಹಿಂಗ ಆಗಿತ್ತೇನು?” ಎಂದು ಕೇಳಿದಳು. ಆಗಿತ್ತು ಎಂದೆ. ಒಂದು ಸಲವಲ್ಲ, ಹಲವು ಸಲ. ಆದರೆ ಅದನ್ನು ದೂರವಾಣಿಯಲ್ಲಿ ಹೇಳಿ ಮುಗಿಸುವಂತಿರಲಿಲ್ಲ. ಈ ತಿಂಗಳ ಅಂಕಣವನ್ನು ಅವಳಿಗೆ ಕೊಟ್ಟ ಉತ್ತರವೆಂದೇ ಓದುಗರು ತಿಳಿಯಬೇಕು.

ಮೊದಲು ಅವಳ ಊರಿನ ಸಂಗತಿ. ಗ್ರೇಟ್ ಬ್ರಿಟನ್ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ದೇಶದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಿವೆ. ಇವುಗಳೊಡನೆ ಉತ್ತರ ಐರ್ಲೆಂಡ್ ಸೇರಿ ಒಂದು ಸಂಯುಕ್ತ ರಾಜ್ಯ. ಸ್ಕಾಟ್ಲೆಂಡಿಗೆ 1999ರಿಂದ ತನ್ನದೇ ಆದ ಸಂಸತ್ತುಂಟು. 2014ರಲ್ಲಿ ಸ್ಕಾಟ್ಲೆಂಡ್ ಪ್ರತ್ಯೇಕ ದೇಶವಾಗಬೇಕೇ ಎಂದು ಜನಮತ ಕೇಳಿದಾಗ ನೂರಕ್ಕೆ 55 ಜನ ಬೇಡವೆಂದರು. ಬೇರೆಯಾದರೆ ಯುರೋಪಿನ ಒಕ್ಕೂಟದೊಳಗಿನ ಸ್ಥಾನವೂ ಹೋದೀತೆಂಬ ಹೆದರಿಕೆಯನ್ನು ಆಗ ಅವರ ಮುಂದೆ ಬಹಳವಾಗಿ ಹಿಡಿಯಲಾಗಿತ್ತು. ಎರಡೇ ವರ್ಷಗಳಲ್ಲಿ, 2016ರ ಜೂನ್ 23ರಂದು, ಇಡೀ ರಾಜ್ಯವೇ ಒಕ್ಕೂಟದಲ್ಲಿ ಇರಬೇಕೇ ಬಿಡಬೇಕೇ ಎಂಬ ಮತದಾನ ನಡೆಯಿತು. ಒಟ್ಟಾರೆ ನೂರಕ್ಕೆ ಸುಮಾರು 52 ಜನ ಬಿಡೋಣವೆಂದರು. ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62, ಉತ್ತರ ಐರ್ಲೆಂಡಿನಲ್ಲಿ ಸುಮಾರು 56 ಜನ ಇರೋಣವೆಂದಿದ್ದರು. ಎಣಿಕೆ ಒಟ್ಟಿಗೆ ಆಯಿತು. 2020ರ ಜನವರಿ 31ರಂದು ಎಲ್ಲರೂ ಒಟ್ಟಿಗೆ ಹೊರಬಿದ್ದರು.

ಇಲ್ಲಿಯೇ ಗಳಗಳ ಜಗಳ. ಕೃಷಿ, ಮೀನುಗಾರಿಕೆ, ಪರಿಸರ ಮೊದಲಾದ ವಿಷಯಗಳಲ್ಲಿ ಅದುವರೆಗೆ ಬ್ರಸೆಲ್ಸ್ ನಗರದಲ್ಲಿ ಕಟ್ಟಳೆಗಳಾಗುತ್ತಿದ್ದವು. ಆ ಅಧಿಕಾರ ಮರಳಿ ಬಂದಾಗ ಎಲ್ಲಿಗೆ ಬರಬೇಕು? ಈ ವಿಷಯಗಳು ನಮ್ಮ ಸಂಸತ್ತಿಗೆ ಸೇರಿದವು ಎಂದಿತು ಎಡಿನ್‌ಬರೋ. ಮೊದಲು ನಮ್ಮ ಕೈಗೆ ಬರಲಿ ಎಂದಿತು ಲಂಡನ್. 2017ರ ಜನವರಿಯಲ್ಲಿಯೇ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಪ್ರಾಂತೀಯ ಸಂಸತ್ತುಗಳ ಒಪ್ಪಿಗೆ ಕೇಳುವುದು ರಾಜಕೀಯ ಸಂಪ್ರದಾಯವೇ ಹೊರತು ಕಾನೂನಿನ ಕಟ್ಟುಪಾಡಲ್ಲ ಎಂದು ತೀರ್ಪಿತ್ತಿತ್ತು. 2018ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಒಪ್ಪಿಗೆ ನಿರಾಕರಿಸಿತು. ಆದರೂ ಲಂಡನ್ನಿನ ಕಾಯಿದೆ ನಿಲ್ಲಲಿಲ್ಲ. 2020ರಲ್ಲಿ ಆಂತರಿಕ ಮಾರುಕಟ್ಟೆಯ ಕಾಯಿದೆ ಬಂತು. ಒಂದು ಭಾಗದಲ್ಲಿ ಮಾರಬಹುದಾದ ಸರಕನ್ನು ಇನ್ನೊಂದು ಭಾಗದಲ್ಲಿ ತಡೆಯುವಂತಿಲ್ಲ ಎಂಬುದು ಅದರ ತಿರುಳು. ಕೇಳುವುದಕ್ಕೆ ಇದು ನ್ಯಾಯವಾದ ಮಾತೇ. ಆದರೆ ಖಾಲಿ ಬಾಟಲಿ ಮರಳಿಸಿದವರಿಗೆ ಠೇವಣಿ ಹಣ ಹಿಂದಿರುಗಿಸುವ ಒಂದು ಸಾಧಾರಣ ಯೋಜನೆಯನ್ನು ಸ್ಕಾಟ್ಲೆಂಡ್ ಸಿದ್ಧಪಡಿಸಿದಾಗ, ಗಾಜಿನ ಬಾಟಲಿಯನ್ನು ಅದರಲ್ಲಿ ಸೇರಿಸಲು 2023ರಲ್ಲಿ ಲಂಡನ್ ವಿನಾಯಿತಿ ಕೊಡಲಿಲ್ಲ. ಯೋಜನೆ ಮುಂದಕ್ಕೆ ಹೋಯಿತು. ತನ್ನ ಅಡುಗೆಮನೆಯ ಬಾಟಲಿಯವರೆಗೂ ಈ ಜಗಳ ಬಂದುದನ್ನು ನಮ್ಮ ಹುಡುಗಿ ನಗುತ್ತಲೇ ಹೇಳಿದಳು.

ಹಾಗಾದರೆ ಬೇರೆಯಾಗಲು ಅವರಿಗೆ ದಾರಿ ಸುಲಭವಾಯಿತೇ? ಅದೂ ಇಲ್ಲ. ಲಂಡನ್ನಿನ ಸಮ್ಮತಿಯಿಲ್ಲದೆ ಮತ್ತೊಂದು ಜನಮತ ನಡೆಸುವ ಅಧಿಕಾರ ಸ್ಕಾಟ್ಲೆಂಡಿನ ಸಂಸತ್ತಿಗೆ ಇಲ್ಲವೆಂದು 2022ರ ನವೆಂಬರ್ 23ರಂದು ನ್ಯಾಯಾಲಯ ಹೇಳಿತು. ಇನ್ನೊಂದು ತೊಡಕೂ ಉಂಟು. ಇಬ್ಬರೂ ಒಕ್ಕೂಟದಲ್ಲಿದ್ದಾಗ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವೆ ಗಡಿಗೇಟು ಹಾಕುವ ಅಗತ್ಯ ಬೀಳುತ್ತಿರಲಿಲ್ಲ. ಈಗ ಸ್ಕಾಟ್ಲೆಂಡ್ ಬೇರೆಯಾಗಿ ಒಕ್ಕೂಟ ಸೇರಿದರೆ, ಅಣ್ಣತಮ್ಮಂದಿರ ಹೊಲದ ನಡುವೆ ಸುಂಕದ ಕಟ್ಟೆ ಏಳಬೇಕು. ಬೇರೆಯಾಗಲು ಕಾರಣವೂ ಹೆಚ್ಚಿತು, ಅದರ ಬೆಲೆಯೂ ಹೆಚ್ಚಿತು. ಉತ್ತರ ಐರ್ಲೆಂಡಿನಲ್ಲಂತೂ ಸುಂಕದ ಗೆರೆ ಎಲ್ಲಿರಬೇಕೆಂಬ ವ್ಯಾಜ್ಯದಲ್ಲಿ 2022ರ ಫೆಬ್ರವರಿಯಿಂದ ಎರಡು ವರ್ಷ ಕಾಲ ಅವರ ಸರಕಾರವೇ ನಡೆಯಲಿಲ್ಲ.

ಸುಂಕದ ಕಟ್ಟೆ ಎಂದಾಗ ನನಗೆ ತಾಯಿ ಹೇಳುತ್ತಿದ್ದ ಮಾತು ನೆನಪಾಗುತ್ತದೆ. ನಮ್ಮ ಸುರಪುರ ಸೀಮೆಯ ಪಶ್ಚಿಮಕ್ಕೆ, ಹುಣಸಗಿಯ ಆಚೆ ತಾಳಿಕೋಟೆ. ಇಂದು ಅದು ನೆರೆಯ ವಿಜಯಪುರ ಜಿಲ್ಲೆ; ಅಂದು ಅದು ಬೇರೆ ಸರಕಾರ. ಅತ್ತ ಬ್ರಿಟಿಷರ ಮುಂಬಯಿ ಪ್ರಾಂತ, ಇತ್ತ ನಿಜಾಮರ ಹೈದರಾಬಾದು. ನಾಣ್ಯ ಬೇರೆ, ಇಲ್ಲಿಯ ಹಾಲಿ ಸಿಕ್ಕಾ ಅಲ್ಲಿ ನಡೆಯದು. ನಡುವೆ ಕರೋಡ್‌ಗಿರಿಯವರ ನಾಕೆ; ತವರಿನಿಂದ ತಂದ ಸೀರೆಯ ಗಂಟನ್ನೂ ಬಿಚ್ಚಿ ತೋರಿಸಬೇಕಿತ್ತು. ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಅವೇ ಬೀಗತನಗಳು.

ಇಂಥ ಸೀಮೆಯ ಮೇಲಿನ ದೊಡ್ಡ ಹಂದರವನ್ನು ಬ್ರಿಟಿಷರು 1947ರಲ್ಲಿ ಬಿಚ್ಚಿದರು. ಭಾರತ ಸ್ವಾತಂತ್ರ್ಯ ಕಾಯಿದೆಯ ಏಳನೆಯ ಕಲಮಿನ ಪ್ರಕಾರ ದೇಶೀ ಸಂಸ್ಥಾನಗಳ ಮೇಲೆ ಬ್ರಿಟಿಷ್ ದೊರೆಗಿದ್ದ ಮೇಲೊಡೆತನ ಆಗಸ್ಟ್ 15ರಂದು ಇಲ್ಲವಾಯಿತು. ಇಲ್ಲವಾದ ಆ ಅಧಿಕಾರ ಯಾರಿಗೆ ಮರಳಿತು? 1946ರ ಮೇ ತಿಂಗಳಲ್ಲಿಯೇ ಕ್ಯಾಬಿನೆಟ್ ನಿಯೋಗವು ಅದು ಸಂಸ್ಥಾನಗಳಿಗೇ ಮರಳುವುದೆಂದು ಬರೆದುಕೊಟ್ಟಿತ್ತು. ಸಂಸ್ಥಾನವೆಂದರೆ ಯಾರು? ನಾನೇ ಎಂದರು ನಿಜಾಮರು. 1947ರ ಜೂನಿನಲ್ಲಿ ಫರ್ಮಾನು ಹೊರಡಿಸಿ, ಆಗಸ್ಟ್ 15ರಿಂದ ತಾವು ಸ್ವತಂತ್ರರಾಗಲು ಹಕ್ಕುಳ್ಳವರೆಂದು ಸಾರಿದರು. ಕಾಮನ್‌ವೆಲ್ತ್ ಎಂಬ ರಾಷ್ಟ್ರಕೂಟದಲ್ಲಿ ನೇರವಾಗಿ ತಮಗೊಂದು ಡೊಮಿನಿಯನ್ ಸ್ಥಾನ ಬೇಕೆಂದೂ ಅವರು ಕೇಳಿದ್ದರು, ಲಂಡನ್ ಒಪ್ಪಲಿಲ್ಲ. ಸುಮಾರು 82,000 ಚದರ ಮೈಲಿಗಳ, ಒಂದು ಕೋಟಿ ಅರವತ್ತು ಲಕ್ಷ ಜನರ ರಾಜ್ಯ ಅದು. ತೆಲುಗು, ಮರಾಠಿ, ಕನ್ನಡ ಮೂರೂ ಅದರೊಳಗೆ. ಆ ಜನರನ್ನು ಯಾರೂ ಕೇಳಲಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳ ಜನ ಬಯಸಿದ ಸ್ವಾತಂತ್ರ್ಯ ಬೇರೆಯದು. ಅದು ಭಾರತದೊಳಗೆ ಸೇರುವುದು. 1938ರಲ್ಲಿ ಹುಟ್ಟುತ್ತಲೇ ನಿಷೇಧಕ್ಕೊಳಗಾಗಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದಲ್ಲಿ 1947ರ ಆಗಸ್ಟ್ 7ನ್ನು ಭಾರತ ಒಕ್ಕೂಟ ಸೇರುವ ದಿನವೆಂದು ಆಚರಿಸಿತು. ಈ ಸ್ವಾಮಿಗಳು ನೆರೆಯ ಸಿಂದಗಿ ಸೀಮೆಯಲ್ಲಿ ಹುಟ್ಟಿದವರೆಂಬುದನ್ನು ಎಷ್ಟೋ ಜನ ಮರೆತಿದ್ದಾರೆ. ಯಾದಗಿರಿಯಲ್ಲಿ ಗಾಂಧೀಮಾರ್ಗದ ಕೋಲೂರು ಮಲ್ಲಪ್ಪನವರಿದ್ದರು. ಮುಂಬಯಿ ಪ್ರಾಂತದ ಗಡಿಯೊಳಗೆ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರವನ್ನು ನಡೆಸಿದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ನವೆಂಬರ್ 29ರಂದು ದಿಲ್ಲಿಗೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಕಾಸಿಂ ರಜವಿಯ ರಜಾಕಾರರಿಗೆ ಯಾವ ಒಪ್ಪಂದದ ಹಂಗೂ ಇರಲಿಲ್ಲ. 1948ರ ಬೇಸಿಗೆಯಲ್ಲಿ ನನ್ನ ತಾಯಿ ಎರಡು ವರ್ಷದ ನನ್ನನ್ನು ಬಗಲಲ್ಲಿ ಎತ್ತಿಕೊಂಡು, ರೊಟ್ಟಿಯ ಗಂಟು ತಲೆಯ ಮೇಲಿಟ್ಟುಕೊಂಡು, ರಾತ್ರಿಯೆಲ್ಲ ನಡೆದು ತಾಳಿಕೋಟೆಯ ಕಡೆ ಸೇರಿದಳಂತೆ. ಆ ರಾತ್ರಿ ನಾಕೆಯಲ್ಲಿ ಯಾರೂ ಗಂಟು ಬಿಚ್ಚಿಸಲಿಲ್ಲ ಎಂಬುದನ್ನು ಮಾತ್ರ ಅವಳು ಪ್ರತಿಸಲವೂ ತಪ್ಪದೆ ಹೇಳುತ್ತಿದ್ದಳು.

ನಿಜಾಮರ ಸರಕಾರವು 1948ರ ಆಗಸ್ಟ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರಿತ್ತಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 16ರಂದು ಪ್ಯಾರಿಸಿನಲ್ಲಿ ದೂರಿನ ವಿಚಾರಣೆ ನಡೆಯುತ್ತಿರುವಂತೆಯೇ ಇಲ್ಲಿ ಯುದ್ಧ ಮುಗಿಯುತ್ತಿತ್ತು. 17ರಂದು ನಿಜಾಮರು ಶರಣಾದರು, 22ರಂದು ದೂರನ್ನೂ ಹಿಂತೆಗೆದುಕೊಂಡರು. ಆ ದಿನವನ್ನು ನಾವು ವಿಮೋಚನೆಯ ದಿನವೆಂದು ಆಚರಿಸುತ್ತೇವೆ, ಆಚರಿಸುವುದು ಸರಿಯೇ. ಆದರೆ ಅದರ ಬೆನ್ನಿಗೇ ಏನಾಯಿತೆಂಬುದನ್ನು ಮನೆಯ ಮಕ್ಕಳಿಗೆ ಹೇಳದಿರುವುದು ಸರಿಯಲ್ಲ. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ತಂಡವು ಸಂಸ್ಥಾನವನ್ನೆಲ್ಲ ಸುತ್ತಿ, ಕನಿಷ್ಠ 27,000ದಿಂದ 40,000ದಷ್ಟು ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರಗಳೂ ಇದ್ದವು. ಅಂದಿನ ಗುಲಬರ್ಗಾ ಎಂದರೆ ಈ ಮೂರು ತಾಲೂಕುಗಳೂ ಸೇರಿದ ಜಿಲ್ಲೆ. ರಜಾಕಾರರ ಪಾಪವನ್ನು ಬಡ ನೆರೆಯವರು ತೀರಿಸಿದರು. ಆ ವರದಿ ಬಹು ಕಾಲ ಬೆಳಕಿಗೆ ಬರಲೇ ಇಲ್ಲ.

ಸುರಪುರದವರು ಈ ಮಾತನ್ನು ಓದುವಾಗ, ನಮ್ಮ ಕಥೆ 1947ಕ್ಕೆ ಶುರುವಾಗುವುದಲ್ಲ ಎನ್ನುತ್ತಾರೆ. ಅದು ನಿಜ. ಔರಂಗಜೇಬನು ತನ್ನ ಕೊನೆಗಾಲದಲ್ಲಿ, 1705ರಲ್ಲಿ, ತಾನೇ ಬಂದು ಮುತ್ತಿಗೆ ಹಾಕಿದ್ದು ಇದೇ ಬೇಡ ನಾಯಕರ ವಾಗಣಗೇರಿಯ ಕೋಟೆಗೆ. ಮುಂದೆ ಮೊಗಲರ ನೆರಳು ಸರಿದು ಮರಾಠರೂ ನಿಜಾಮರೂ ಕಪ್ಪ ಕೇಳಿದರು. ಕೊಟ್ಟೂ ಕೊಡದೆಯೂ ನಾಯಕರು ತಮ್ಮ ಸಂಸ್ಥಾನವನ್ನು ಉಳಿಸಿಕೊಂಡರು. 1841ರಲ್ಲಿ ಕಂಪನಿ ಸರಕಾರದ ಪರವಾಗಿ ಬಂದ ಮೆಡೋಸ್ ಟೇಲರ್ ಹನ್ನೆರಡು ವರ್ಷ ಇಲ್ಲಿದ್ದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನೆಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಬೆಟ್ಟದ ಮೇಲಿನ ಅವನ ಬಂಗಲೆ ಇಂದಿಗೂ ಟೇಲರ್ ಮಂಜಿಲ್. 1858ರ ಫೆಬ್ರವರಿಯಲ್ಲಿ ಅದೇ ಹುಡುಗ ಕಂಪನಿಯ ಮೇಲೆ ಕತ್ತಿ ಹಿಡಿದ. ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆ ಇಳಿದಿಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ನಡತೆ ಚೆನ್ನಾಗಿದ್ದರೆ ಸಂಸ್ಥಾನ ಮರಳಿಸುವ ಮಾತೂ ಇತ್ತು. ಸೆರೆಮನೆಗೆ ಒಯ್ಯುವ ದಾರಿಯಲ್ಲಿಯೇ ಗುಂಡಿಗೆ ಸಿಕ್ಕಿ ತೀರಿಕೊಂಡ. ಆಗ ಅವನಿಗೆ ಸುಮಾರು ಇಪ್ಪತ್ತನಾಲ್ಕು ವರ್ಷ.

ಆಮೇಲಿನದು ಒಂದೇ ಸಾಲಿನ ಕಥೆ, ಆದರೆ ನನಗೆ ಅದೇ ಹೆಚ್ಚು ಕಹಿ. 1860ರಲ್ಲಿ ಬ್ರಿಟಿಷರು ದಂಗೆಯ ಕಾಲದಲ್ಲಿ ನೆರವಾದ ನಿಜಾಮರಿಗೆ ಕೃತಜ್ಞತೆ ತೋರಿಸುವಾಗ, ರಾಯಚೂರು ಮತ್ತು ನಳದುರ್ಗದ ಸೀಮೆಗಳನ್ನು ಹಿಂದಿರುಗಿಸಿ, ಐವತ್ತು ಲಕ್ಷ ರೂಪಾಯಿಗಳ ಸಾಲವನ್ನು ಮನ್ನಾ ಮಾಡಿ, ಜೊತೆಗೆ ಸುರಪುರವನ್ನೂ ಕೊಟ್ಟುಬಿಟ್ಟರು. ಮದುವೆಯ ಆಹೇರಿಯಲ್ಲಿ ಪಾತ್ರೆ ಕೊಟ್ಟಂತೆ.

ಈಗ ಮೂರನೆಯ ಬಿಡುಗಡೆಗೆ ಬರೋಣ. ಇದು ನಾನೇ ಕಂಡದ್ದು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವೇ ಕರಗಿ ಮೂರು ಪಾಲಾಯಿತು. ಕನ್ನಡದ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆ ದಿನ ಶಾಲೆಯಲ್ಲಿ ನಮಗೆಲ್ಲ ಪೇಢೆ ಹಂಚಿದರು. ನಮ್ಮ ತಂದೆಯವರೂ ಹಿಗ್ಗಿನಿಂದಲೇ ಇದ್ದರು. ಆದರೆ ಅವರು ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಬರೆದು ಬದುಕಿದ ಗುಮಾಸ್ತರು. ಹೊಸ ಕಚೇರಿಯ ಕಾಗದಗಳು ಇಂಗ್ಲಿಷಿನಲ್ಲಿಯೂ ಅವರಿಗೆ ಪರಿಚಯವಿಲ್ಲದ ಕಚೇರಿ ಕನ್ನಡದಲ್ಲಿಯೂ ಬರತೊಡಗಿದವು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದ ಮನುಷ್ಯ ಕಚೇರಿಯಲ್ಲಿ ಕನ್ನಡಕ್ಕೇ ಅಂಜುವಂತಾಯಿತು. ಅವರ ಬಡತಿ ಅಲ್ಲಿಗೆ ನಿಂತಿತು. ಯಾರ ಮೇಲೂ ದೂರು ಹೇಳಿದವರಲ್ಲ.

ಅದಕ್ಕಿಂತ ದೊಡ್ಡ ನಷ್ಟ ಯಾರ ಗಮನಕ್ಕೂ ಬಾರದೆ ಆಯಿತು. ನಿಜಾಮರ ರಾಜ್ಯದಲ್ಲಿ ಮುಲ್ಕಿ ನಿಯಮವೆಂಬುದೊಂದಿತ್ತು. ರಾಜ್ಯದಲ್ಲಿ ಹುಟ್ಟಿದವರಿಗೆ, ಇಲ್ಲವೆ ಹದಿನೈದು ವರ್ಷ ನೆಲೆಸಿದವರಿಗೆ ಮಾತ್ರ ಸರಕಾರಿ ನೌಕರಿ ಎಂಬುದು ಅದರ ಸಾರ. ಹೊರಗಿನವರು ಬಂದು ಕುರ್ಚಿ ಹಿಡಿಯದಂತೆ ಇದ್ದ ಬೇಲಿ ಅದು. ಬೇಲಿಯೊಳಗೂ ನಮ್ಮ ಹಳ್ಳಿಯವರಿಗೆ ಸಿಕ್ಕದ್ದು ಅಷ್ಟಕ್ಕಷ್ಟೇ, ಒಪ್ಪಿದೆ. ಆದರೆ ರಾಜ್ಯ ಒಡೆಯುವಾಗ ಪಾಲುದಾರರು ಏನು ಮಾಡಿದರು ನೋಡಿ. ತೆಲಂಗಾಣದವರು ಆಂಧ್ರದೊಡನೆ ಸೇರುವ ಮೊದಲು, 1956ರ ಫೆಬ್ರವರಿಯಲ್ಲಿಯೇ, ದೊಡ್ಡ ಮನುಷ್ಯರ ಒಪ್ಪಂದವೆಂಬ ಕರಾರನ್ನು ಬರೆಸಿಕೊಂಡರು. ಮುಲ್ಕಿ ರಕ್ಷಣೆ ಅವರಿಗೆ ಉಳಿಯಿತು. ಮರಾಠವಾಡದವರು 1953ರಲ್ಲಿಯೇ ನಾಗಪುರ ಒಪ್ಪಂದ ಮಾಡಿಕೊಂಡಿದ್ದರು. ಸಂವಿಧಾನದ 371ನೆಯ ವಿಧಿಯಲ್ಲಿ ಅವರ ಹೆಸರು ಬಂತು. ನಾವು ಮಾತ್ರ ಕಾಗದವಿಲ್ಲದೆ, ಕರಾರಿಲ್ಲದೆ, ಕನ್ನಡವೆಂಬ ಒಂದೇ ಮಾತಿಗೆ ಹೋಗಿ ಸೇರಿದೆವು. 1957ರಲ್ಲಿ ಸಂಸತ್ತು ನೌಕರಿಗೆ ವಾಸಸ್ಥಳದ ಷರತ್ತು ಕೂಡದೆಂದು ಕಾಯಿದೆ ಮಾಡಿದಾಗ ತೆಲಂಗಾಣಕ್ಕೆ ವಿನಾಯಿತಿ ಸಿಕ್ಕಿತು. ನಮಗೆ ಕೇಳುವವರಿರಲಿಲ್ಲ.

ಕರಾರು ಬರೆಸಿಕೊಂಡವರ ಗತಿಯೇನಾಯಿತೆಂದರೆ, ಅದು ಪಾಲನೆಯಾಗಲಿಲ್ಲವೆಂದು 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು. ಕೊನೆಗೆ 2014ರ ಜೂನ್ 2ರಂದು ಅದು ಬೇರೆ ರಾಜ್ಯವೇ ಆಯಿತು. ಕೊಟ್ಟ ಮಾತು ತಪ್ಪಿದಾಗ ಹುಟ್ಟುವ ಸಿಟ್ಟು, ಮಾತೇ ಕೊಡದಿದ್ದಾಗ ಹುಟ್ಟುವುದಿಲ್ಲವೋ ಏನೋ. ನಮ್ಮ ಕಡೆ ಪ್ರತ್ಯೇಕ ರಾಜ್ಯದ ದನಿ ಆಗಾಗ ಎದ್ದು ಆಗಾಗ ಅಡಗಿತು. ನನಗೆ ಆ ದನಿ ಎಂದೂ ಒಪ್ಪಿಗೆಯಾಗಿಲ್ಲ. ಕನ್ನಡದವರೊಡನೆ ಕೂಡಿದ್ದರಿಂದ ಬಂದ ಲಾಭ ಸಣ್ಣದಲ್ಲ: 1964ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆ, 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ, ಅದರ ಎಡದಂಡೆ ಕಾಲುವೆಯಿಂದ ಹಸಿರಾದ ಸುರಪುರ, ಶಹಾಪುರಗಳ ಹೊಲಗಳು. ಆದರೆ 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿ ಅಳೆದು ತೂಗಿ ಹೇಳಿದ್ದನ್ನೂ ಮರೆಯಬಾರದು. ಇಡೀ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು.

ವೈಜನಾಥ ಪಾಟೀಲರು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಕೂಗಿದರು. ಧರ್ಮಸಿಂಗ್, ಮಲ್ಲಿಕಾರ್ಜುನ ಖರ್ಗೆಯವರಂಥವರು ಒಳಗಿನಿಂದ ಯತ್ನಿಸಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೆಯ ತಿದ್ದುಪಡಿ ಮಾಡಿ 371(ಜೆ) ವಿಧಿಯನ್ನು ಸೇರಿಸಿತು. 1956ರಲ್ಲಿ ಕೇಳಬೇಕಾಗಿದ್ದ ಕಾಗದ ಐವತ್ತಾರು ವರ್ಷದ ಮೇಲೆ ಸಿಕ್ಕಿತು. ಈ ಭಾಗದ ಎ ಮತ್ತು ಬಿ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 75, ಸಿ ದರ್ಜೆಯಲ್ಲಿ 80, ಡಿ ದರ್ಜೆಯಲ್ಲಿ 85 ಸ್ಥಳೀಯರಿಗೆ; ಇಲ್ಲಿಯ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ಹೊರಗಿನ ಭಾಗದಲ್ಲಿ 8. ನಮ್ಮ ಓಣಿಯಲ್ಲಿಯೇ ಇದರಿಂದ ವೈದ್ಯರಾದ ಇಬ್ಬರು ಮಕ್ಕಳಿದ್ದಾರೆ. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕವೆಂಬ ಹೆಸರೂ ಹೋಗಿ ಕಲ್ಯಾಣ ಕರ್ನಾಟಕವಾಯಿತು.

ಇಷ್ಟಾದರೂ ಇದನ್ನು ಸ್ವಯಮಾಡಳಿತವೆನ್ನಲು ನನಗೆ ನಾಲಗೆ ಏಳದು. ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರನ್ನು ಆರಿಸುವವರು ನಾವಲ್ಲ, ನೇಮಿಸುವುದು ಬೆಂಗಳೂರು. ಹಣ ಬರುವುದೂ ಅಲ್ಲಿಂದಲೇ. ಎಡಿನ್‌ಬರೋದವರಿಗೆ ಸಂಸತ್ತಾದರೂ ಇದೆ, ಲಂಡನ್ನಿನೊಡನೆ ಜಗಳವಾಡಲು ಒಂದು ಕಟ್ಟೆಯಾದರೂ ಇದೆ. ಅವರದು ಒಂದು ಕಾಲಕ್ಕೆ ಸ್ವತಂತ್ರವಾಗಿದ್ದ ದೇಶ, ನಮ್ಮದು ಜಿಲ್ಲೆಗಳ ಗುಂಪು. ಹೋಲಿಕೆಯನ್ನು ಬಹಳ ಎಳೆಯಬಾರದೆಂಬುದೂ ನನಗೆ ತಿಳಿದಿದೆ. ಯಾದಗಿರಿ ಜಿಲ್ಲೆಯಾದದ್ದೇ 2009ರ ಕೊನೆಗೆ.

ಈ ಬರಹಕ್ಕಾಗಿ ಹಳೆಯ ಟ್ರಂಕು ತೆಗೆದಾಗ ತಂದೆಯವರ ಮುಲ್ಕಿ ಪ್ರಮಾಣಪತ್ರ ಸಿಕ್ಕಿತು. ಮಡಿಕೆಗಳಲ್ಲಿ ಹರಿದ, ಉರ್ದುವಿನಲ್ಲಿ ಬರೆದ ಕಾಗದ. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಈಗ ಯಾರೂ ಇಲ್ಲ. ಓಣಿಯ ತುದಿಯ ಹಿರಿಯ ಮುಸ್ಲಿಂ ಶಿಕ್ಷಕರ ಬಳಿಗೆ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು ನಿಧಾನವಾಗಿ ಓದಿ, ನಮ್ಮ ಅಜ್ಜನ ಹೆಸರು, ಊರು, ತಾಲೂಕುಗಳನ್ನು ಕನ್ನಡದಲ್ಲಿ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮೊಮ್ಮಗ ತನ್ನ 371(ಜೆ) ಪ್ರಮಾಣಪತ್ರವನ್ನು ಅದರ ಪಕ್ಕಕ್ಕಿಟ್ಟು ಎರಡರದೂ ಒಂದು ಚಿತ್ರ ತೆಗೆದು ಎಡಿನ್‌ಬರೋಗೆ ಕಳುಹಿಸಿದ. ಅರ್ಧ ತಾಸಿನಲ್ಲಿ ಅವಳ ಉತ್ತರ ಬಂತು: “ಮುತ್ಯಾ, ಎರಡರಾಗೂ ಊರ ಹೆಸರು ಒಂದ ಐತಿ. ಈ ಉರ್ದು ಕಾಗದ ಜ್ವಾಕಿ ಇಡ್ರಿ, ಬಂದಾಗ ನಾ ನೋಡತೀನಿ.”